36 ಗುಂಡಿ, ಒತ್ತಲು ಒಂದು ಬೆರಳಿಲ್ಲ

ಸ್ಟೈರೀನ್ ಎಂಬ ರಾಸಾಯನಿಕ ಏನು ಕೇಳಿತ್ತು?

ತಂಪು ಕೇಳಿತ್ತು. 20 ಡಿಗ್ರಿ ದಾಟಿಸಬೇಡಿ ಎಂದಿತ್ತು. ಟಿಬಿಸಿ ಎಂಬ ತಡೆಮದ್ದನ್ನು ಒಂದಿಷ್ಟು ಬೆರೆಸಿಡಿ ಎಂದಿತ್ತು. ತಳದಿಂದ ನೆತ್ತಿಯವರೆಗೆ ತಂಪು ಸಮನಾಗಿ ಮುಟ್ಟುವ ಹಾಗೆ ಟ್ಯಾಂಕಿನೊಳಗೇ ತಿರುಗಿಸುತ್ತಿರಿ ಎಂದಿತ್ತು. ಇದರಲ್ಲಿ ಗುಟ್ಟೇನಿಲ್ಲ. ಸರಕಿನ ಜೊತೆಗೇ ಬರುವ ಸುರಕ್ಷತಾ ಹಾಳೆಯಲ್ಲಿ ಎಲ್ಲವೂ ಅಚ್ಚಾಗಿರುತ್ತದೆ. ಅದನ್ನು ಓದಬಲ್ಲವರಿಗೇ ಕಾರ್ಖಾನೆಯಲ್ಲಿ ಸಂಬಳ ಕೊಡುವುದು.

ಓದಿದರು. ಮಡಚಿಟ್ಟರು.

2020ರ ಮೇ 7. ಬೆಳಗಿನ ಜಾವ ಸುಮಾರು ಮೂರು ಗಂಟೆ. ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಎಂ6 ಟ್ಯಾಂಕಿನಿಂದ ಸ್ಟೈರೀನ್ ಆವಿ ನುಗ್ಗಿತು. ಗಾಳಿಗಿಂತ ಭಾರವಾದ ಆವಿ. ಮೇಲಕ್ಕೇರಿ ಚದುರಲಿಲ್ಲ, ನೆಲ ಹಿಡಿದು ಹರಿಯಿತು. ಕಾಂಪೌಂಡಿನಾಚೆ ಆರ್.ಆರ್. ವೆಂಕಟಾಪುರಂ ಮಲಗಿತ್ತು. ಜನ ಉಸಿರುಗಟ್ಟಿ ಎದ್ದರು. ಮಕ್ಕಳನ್ನು ಎತ್ತಿಕೊಂಡು ಓಡಿದರು. ಯಾವ ದಿಕ್ಕಿಗೆ ಓಡಬೇಕೆಂದು ಹೇಳುವವರಿರಲಿಲ್ಲ. ರಸ್ತೆಯಲ್ಲೇ ಕುಸಿದು ಬಿದ್ದರು. ಕೊಟ್ಟಿಗೆಯ ದನಗಳು ಕಟ್ಟಿದಲ್ಲೇ ಸತ್ತವು. ಮನುಷ್ಯರು 12 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ನೂರಾರು ಮಂದಿ ಆಸ್ಪತ್ರೆ ಸೇರಿದರು.

ಕಾರ್ಖಾನೆಯಲ್ಲಿ ಸೈರನ್ ಇರಲಿಲ್ಲವೇ? ಇತ್ತು. ಅದನ್ನು ಕೂಗಿಸುವ ಗುಂಡಿ ಒಂದಲ್ಲ, ಎರಡಲ್ಲ, 36 ಕಡೆ ಇತ್ತು. ಗೇಟಿನ ಹತ್ತಿರವೂ ಇತ್ತು. ಆಂಧ್ರ ಸರ್ಕಾರವೇ ನೇಮಿಸಿದ ಉನ್ನತ ಸಮಿತಿ ಎಣಿಸಿ ಬರೆದ ಲೆಕ್ಕ ಇದು. 36ರಲ್ಲಿ ಒಂದನ್ನೂ ಯಾರೂ ಒತ್ತಲಿಲ್ಲ.

ಯಾಕೆ ಒತ್ತಲಿಲ್ಲ? ಒತ್ತಿದರೆ ಊರಿಗೆ ಗೊತ್ತಾಗುತ್ತಿತ್ತು ಎಂದೇ?

ಕೆಲವರು ಇದನ್ನು ಇವತ್ತಿಗೂ ಅವಘಡ ಅನ್ನುತ್ತಾರೆ. ಯಾವ ಅವಘಡ ಸ್ವಾಮಿ? ಹಸಿಹುಲ್ಲನ್ನು ಒತ್ತೊತ್ತಾಗಿ ಒಟ್ಟಿದರೆ ಬಣವೆ ಒಳಗೊಳಗೇ ಕಾಯುತ್ತದೆ, ಬಿಟ್ಟರೆ ಹೊತ್ತಿಕೊಳ್ಳುತ್ತದೆ ಎಂದು ಹಳ್ಳಿಯ ಯಾವ ರೈತನಿಗೆ ಗೊತ್ತಿಲ್ಲ? ಸ್ಟೈರೀನಿನ ಗುಣವೂ ಅದೇ. ಅದರ ಕಣಗಳು ಒಂದಕ್ಕೊಂದು ತಾವಾಗಿಯೇ ಬೆಸೆದುಕೊಳ್ಳುತ್ತವೆ. ಬೆಸೆದಾಗ ಬಿಸಿ ಹುಟ್ಟುತ್ತದೆ. ಬಿಸಿಯಾದಷ್ಟೂ ಬೆಸುಗೆ ಜೋರಾಗುತ್ತದೆ. ಆ ಓಟಕ್ಕೆ ಕಡಿವಾಣ ಹಾಕುವುದೇ ಟಿಬಿಸಿಯ ಕೆಲಸ. ಅದರ ದಾಸ್ತಾನು ಬೇಕಾದಷ್ಟು ಇರಲಿಲ್ಲ. ತಂಪು ಮಾಡುವ ಯಂತ್ರ ಹಗಲೂ ರಾತ್ರಿ ಓಡುತ್ತಿರಲಿಲ್ಲ. ಬಿಸಿ ಅಳೆಯುವ ಸಾಧನ ಟ್ಯಾಂಕಿನ ತಳದಲ್ಲಿ ಮಾತ್ರ ಇತ್ತು. ನೆತ್ತಿ ಕುದಿಯುತ್ತಿದ್ದಾಗಲೂ ತಳದ ಮುಳ್ಳು 'ಎಲ್ಲ ಸರಿಯಾಗಿದೆ' ಅನ್ನುತ್ತಿತ್ತು. ಅದಕ್ಕೂ ಕೆಲವು ತಿಂಗಳ ಮುಂಚೆ ಕೊಳವೆ ಜೋಡಣೆ ಬದಲಿಸಿದ್ದರು. ಆಮೇಲೆ ದ್ರವ ಮೇಲಿನಿಂದ ಕೆಳಗಿನವರೆಗೆ ಸರಿಯಾಗಿ ತಿರುಗುವುದೂ ನಿಂತುಹೋಗಿತ್ತು.

ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಟ್ಯಾಂಕಿನಲ್ಲಿ ಬೆಸುಗೆ ಶುರುವಾದದ್ದು ಏಪ್ರಿಲ್ ಕೊನೆಯ ಹೊತ್ತಿಗೇ ಪರೀಕ್ಷೆಯ ಅಂಕಿಗಳಲ್ಲಿ ಕಾಣುತ್ತಿತ್ತು. ಅದನ್ನು ಸರಕಿನ ಗುಣಮಟ್ಟದ ಪ್ರಶ್ನೆಯಾಗಿ ನೋಡಿದರೇ ಹೊರತು ಜನರ ಜೀವದ ಪ್ರಶ್ನೆಯಾಗಿ ನೋಡಲಿಲ್ಲ. ಮಾಲು ಕೆಟ್ಟೀತು ಎಂಬ ಚಿಂತೆ ಇತ್ತು. ಊರು ಸತ್ತೀತು ಎಂಬ ಚಿಂತೆ ಇರಲಿಲ್ಲ.

ಲಾಕ್‌ಡೌನ್ ಇತ್ತಲ್ಲ, ಜನ ಕಡಿಮೆ ಇದ್ದರಲ್ಲ ಅನ್ನುತ್ತೀರಾ? ಲಾಕ್‌ಡೌನ್ ಸ್ಟೈರೀನಿಗೆ ಅನ್ವಯಿಸುತ್ತದೆಯೇ? ಕಾರ್ಖಾನೆ ಬಾಗಿಲು ಹಾಕಿದರೆ ರಾಸಾಯನಿಕವೂ ಬಾಗಿಲು ಹಾಕಿಕೊಂಡು ಮಲಗುತ್ತದೆಯೇ? 1,800 ಟನ್‌ಗೂ ಹೆಚ್ಚು ಸರಕನ್ನು ಒಂದೇ ಟ್ಯಾಂಕಿನಲ್ಲಿಟ್ಟು, ಆಂಧ್ರದ ಬಿಸಿಲಿಗೆ ಒಪ್ಪಿಸಿ ಮನೆಗೆ ಹೋಗಿದ್ದು ಯಾವ ಧೈರ್ಯದ ಮೇಲೆ?

ಆ ಧೈರ್ಯ ಹಳೆಯದು. 2019ರ ಮೇ ತಿಂಗಳಲ್ಲಿ ಆ ಕಂಪನಿಯೇ ಪ್ರಮಾಣಪತ್ರ ಬರೆದು ಒಪ್ಪಿಕೊಂಡಿತ್ತು. ನಾವು ತಯಾರಿಸುತ್ತಿರುವ ಪ್ರಮಾಣಕ್ಕೆ ನಮ್ಮ ಹತ್ತಿರ ಸರಿಯಾದ ಪರಿಸರ ಅನುಮತಿ ಇಲ್ಲ ಎಂದು. ಕಳ್ಳನೇ ಠಾಣೆಗೆ ಬಂದು ಕದ್ದಿದ್ದೇನೆ ಎಂದು ಬರೆದುಕೊಟ್ಟ. ಠಾಣೆಯವರು ಏನು ಮಾಡಿದರು? ಕಾಗದವನ್ನು ಫೈಲಿಗೆ ಸೇರಿಸಿದರು. ಒಂದು ವರ್ಷ ಕಾರ್ಖಾನೆ ಓಡಿತು. ಆ ಒಂದು ವರ್ಷದ ಪ್ರತಿ ದಿನಕ್ಕೂ ಒಬ್ಬೊಬ್ಬ ಅಧಿಕಾರಿ ಜವಾಬ್ದಾರ ಅಲ್ಲವೇ? ಹೆಣ ಬಿದ್ದ ಮೇಲೆ ಕೆಲವರನ್ನು ಅಮಾನತು ಮಾಡಿದರು. ಕಂಪನಿಯ ಮುಖ್ಯಸ್ಥರನ್ನು ಬಂಧಿಸಿದರು. ಹಸಿರು ನ್ಯಾಯಮಂಡಳಿ 50 ಕೋಟಿ ರೂಪಾಯಿ ಠೇವಣಿ ಇಡಿಸಿತು. ಸರ್ಕಾರ ಸತ್ತವರ ಮನೆಗೆ ತಲಾ 1 ಕೋಟಿ ಘೋಷಿಸಿತು. ಕಾಸಿನ ಮಾತು ಚಕಚಕನೆ ಮುಗಿಯಿತು.

ಅದೇ 2020ರಲ್ಲಿ ಕೇಂದ್ರ ಸರ್ಕಾರ ಏನು ಮಾಡುತ್ತಿತ್ತು ಗೊತ್ತೇ? ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡನ್ನು ಜನರ ಮುಂದಿಟ್ಟಿತ್ತು. ಅನುಮತಿ ಇಲ್ಲದೆ ಶುರು ಮಾಡಿದವರಿಗೂ ಆಮೇಲೆ ಅನುಮತಿ ಕೊಡುವ ದಾರಿ ಅದರಲ್ಲಿತ್ತು. ಮೊದಲು ತಪ್ಪು ಮಾಡು, ಆಮೇಲೆ ದಂಡ ಕಟ್ಟು, ಕೊನೆಗೆ ಸಾಚಾ ಆಗು. ವೆಂಕಟಾಪುರಂನ ಹೊಗೆ ಇನ್ನೂ ಆರಿರಲಿಲ್ಲ. ಕರಡು ಹಿಂದಕ್ಕೆ ಹೋಗಲಿಲ್ಲ.

ಕೊರಿಯಾದವರ ಕಂಪನಿ, ಅವರಿಗೇನು ನಮ್ಮ ಜನರ ಚಿಂತೆ ಎಂದು ಜಾರಿಕೊಳ್ಳುವುದು ಸುಲಭ. ಆ ಕಾರ್ಖಾನೆಯ ಜಾತಕ ನೋಡಿ. 1961ರಲ್ಲಿ ಹಿಂದೂಸ್ತಾನ್ ಪಾಲಿಮರ್ಸ್ ಎಂಬ ಹೆಸರಲ್ಲಿ ಶುರುವಾಯಿತು. 1978ರಲ್ಲಿ ನಮ್ಮ ಬೆಂಗಳೂರಿನ ಯುಬಿ ಸಮೂಹದ ಮೆಕ್‌ಡೊವೆಲ್ ಜೊತೆ ವಿಲೀನವಾಯಿತು. ಕೊರಿಯಾದವರ ಕೈಗೆ ಹೋಗಿದ್ದು 1997ರಲ್ಲಿ. ಮಾಲೀಕರು ಎರಡು ಸಲ ಬದಲಾದರು. ಕಾಂಪೌಂಡಿನಾಚೆಯ ಜನರಿಗೆ ಒಳಗಿರುವುದು ಏನೆಂದು ಹೇಳಬೇಕು ಎಂಬ ಬುದ್ಧಿ ಮೂವರಲ್ಲಿ ಯಾರಿಗೆ ಬಂತು?

'ಫ್ಯಾಕ್ಟರಿ ಪಕ್ಕ ಮನೆ ಯಾಕೆ ಕಟ್ಟಿಕೊಂಡರು?'

ಈ ಪ್ರಶ್ನೆ ಕೇಳುವ ಬಾಯಿಗಳನ್ನು ನೋಡಿದರೆ ರಕ್ತ ಕುದಿಯುತ್ತದೆ. ಆ ಮನೆಗೆ ಡೋರ್ ನಂಬರ್ ಕೊಟ್ಟವರು ಯಾರು? ಕರೆಂಟು ಎಳೆದವರು ಯಾರು? ಕಂದಾಯ ಕಟ್ಟಿಸಿಕೊಂಡು ರಸೀದಿ ಹರಿದವರು ಯಾರು? ಚುನಾವಣೆ ಬಂದಾಗ ಅದೇ ಓಣಿಯಲ್ಲಿ ಕೈಮುಗಿದು ನಿಂತವರು ಯಾರು? ಓಟು ಕೇಳುವಾಗ ಅಕ್ರಮ ಕಾಣಲಿಲ್ಲ. ಹೆಣ ಎತ್ತುವಾಗ ಕಂಡಿತೇ?

ಘಟನೆಯ ನಂತರ ಕಾರ್ಖಾನೆಯಲ್ಲೂ ಬಂದರಿನಲ್ಲೂ ಉಳಿದಿದ್ದ ಸುಮಾರು 13,000 ಟನ್ ಸ್ಟೈರೀನನ್ನು ಹಡಗಿಗೆ ತುಂಬಿ ಕೊರಿಯಾಕ್ಕೆ ವಾಪಸು ಕಳಿಸಿದರು. ಕೆಲವೇ ದಿನಗಳ ಕೆಲಸ. ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತಲ್ಲ. ಮನಸ್ಸು ಮಾಡಲು 12 ಹೆಣ ಬೇಕಿತ್ತೇ?

ಭೋಪಾಲ್ ನೆನಪಾಗದೆ ಇರುತ್ತದೆಯೇ? 1984ರ ಡಿಸೆಂಬರ್ 2ರ ರಾತ್ರಿ. ಯೂನಿಯನ್ ಕಾರ್ಬೈಡಿನ ಇ610 ಟ್ಯಾಂಕು. ಒಳಗೆ 40 ಟನ್‌ಗೂ ಹೆಚ್ಚು ಮೀಥೈಲ್ ಐಸೋಸಯನೇಟ್. ಅದೂ ತಂಪನ್ನೇ ಕೇಳಿತ್ತು, 0 ಡಿಗ್ರಿಯ ಆಸುಪಾಸಿನ ತಂಪನ್ನು. ತಂಪುಯಂತ್ರವನ್ನು ತಿಂಗಳುಗಟ್ಟಲೆ ಮುಂಚೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರ ಕೆಟ್ಟು ಕೂತಿತ್ತು. ಊರಿಗೆ ಕೇಳುವ ಸೈರನ್ ಸಮಯಕ್ಕೆ ಕೂಗಲಿಲ್ಲ. ಸಾವಿರಾರು ಮಂದಿ ಸತ್ತರು. 2010ರಲ್ಲಿ ತೀರ್ಪು ಬಂತು. ಏಳು ಭಾರತೀಯ ಅಧಿಕಾರಿಗಳಿಗೆ ಎರಡೆರಡು ವರ್ಷ ಸಜೆ, ಕೂಡಲೇ ಜಾಮೀನು. ಅಮೆರಿಕದ ಮುಖ್ಯಸ್ಥ ವಾರೆನ್ ಆ್ಯಂಡರ್ಸನ್ ಇಲ್ಲಿನ ಕಟಕಟೆಯನ್ನೇ ಹತ್ತದೆ 2014ರಲ್ಲಿ ಸತ್ತ.

ಭೋಪಾಲಿನಲ್ಲಿ ತಂಪಿಲ್ಲ, ಸೈರನಿಲ್ಲ. 35 ವರ್ಷದ ಮೇಲೆ ವಿಶಾಖಪಟ್ಟಣದಲ್ಲಿ ತಂಪಿಲ್ಲ, ಸೈರನಿಲ್ಲ. ನಾವು ಕಲಿತದ್ದೇನು? ಪರಿಹಾರದ ಚೆಕ್ಕಿನ ಮೇಲೆ ಮೊತ್ತ ಬರೆಯುವುದನ್ನೇ?

ಒಂದನ್ನು ಮಾತ್ರ ಕಲಿತಿದ್ದೇವೆ. ಅದನ್ನು 2025ರ ಜನವರಿಯಲ್ಲಿ ಇಡೀ ದೇಶ ನೋಡಿತು. ಅದೇ ಕಾರ್ಬೈಡ್ ಆವರಣದಲ್ಲಿ 40 ವರ್ಷ ಕೊಳೆಯುತ್ತಿದ್ದ 337 ಟನ್ ವಿಷತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿದರು. ಸುಮಾರು 250 ಕಿಲೋಮೀಟರ್ ದಾರಿ. ಸೋರದ 12 ಕಂಟೇನರ್. ಹಿಂದೆ ಮುಂದೆ ಪೊಲೀಸರು, ಆ್ಯಂಬುಲೆನ್ಸ್, ಅಗ್ನಿಶಾಮಕ ವಾಹನ. ದಾರಿಯುದ್ದಕ್ಕೂ ಅಡ್ಡಿ ಬಾರದ ಹಾಗೆ ಹಸಿರು ಕಾರಿಡಾರ್. ಒಂದು ಹನಿ ಚೆಲ್ಲಲಿಲ್ಲ. ಪೀಥಂಪುರದ ಜನ ನಮ್ಮೂರಿಗೆ ಯಾಕೆ ತಂದಿರಿ ಎಂದು ಬೀದಿಗಿಳಿದರು, ಅದು ಬೇರೆ ಕಥೆ. ನನ್ನ ಪ್ರಶ್ನೆ ಇಷ್ಟೇ. ಹೈಕೋರ್ಟು ಕಿವಿ ಹಿಂಡಿದಾಗ, ಕ್ಯಾಮೆರಾಗಳು ಕಣ್ಣು ಬಿಟ್ಟಿದ್ದಾಗ ಇಷ್ಟು ಚೆನ್ನಾಗಿ ಸಾಗಿಸಲು ಬರುತ್ತದೆ. ಹಾಗಾದರೆ ದಿನಾ ಬರುವುದಿಲ್ಲ ಯಾಕೆ?

ನಮ್ಮ ಕರಾವಳಿಯ ರಸ್ತೆಗೆ ಬನ್ನಿ. ಮಂಗಳೂರಿನಿಂದ ಹೊರಡುವ ಗ್ಯಾಸಿನ ಬುಲೆಟ್ ಟ್ಯಾಂಕರುಗಳನ್ನು ನೋಡಿ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಒಂದು ಮಗುಚಿತು. ರಸ್ತೆ ಬದಿಯ ಮನೆಗಳಲ್ಲಿದ್ದವರು ಬೆಂದು ಸತ್ತರು. ಅವರು ಟ್ಯಾಂಕರ್ ಹತ್ತಿದವರಲ್ಲ, ಗ್ಯಾಸ್ ಮಾರಿದವರಲ್ಲ. ಅವರ ತಪ್ಪೆಂದರೆ ಹೆದ್ದಾರಿ ಅವರ ಅಂಗಳದ ಪಕ್ಕ ಹೋಗಿದ್ದು. ಅದಕ್ಕೂ ಹಿಂದಿನ ವರ್ಷ ಗಡಿಯಾಚೆ ಕಣ್ಣೂರಿನ ಚಾಲದಲ್ಲಿ ಇದೇ ಆಗಿತ್ತು, 20 ಮಂದಿ ಹೋದರು. 2015ರಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಮತ್ತೆ ಅದೇ ಬೆಂಕಿ. ಪ್ರತಿ ಸಲವೂ ಸಚಿವರು ಬಂದರು. ಪ್ರತಿ ಸಲವೂ ಸಭೆ. ಆಮೇಲೆ ಮತ್ತೆ ಅದೇ ತಿರುವು, ಅದೇ ಚಾಲಕ, ಅದೇ ನಿದ್ದೆಗಣ್ಣು.

ಚಾಲಕನನ್ನು ಬೈಯುವುದು ಎಲ್ಲರಿಗೂ ಬರುತ್ತದೆ. ಎಷ್ಟು ಗಂಟೆಯಿಂದ ಗಾಡಿ ಓಡಿಸುತ್ತಿದ್ದಾನೆ ಎಂದು ಕೇಳಿದವರುಂಟೇ? ಪಕ್ಕದಲ್ಲಿ ಇನ್ನೊಬ್ಬ ಚಾಲಕ ಯಾಕಿಲ್ಲ ಎಂದು ಸಾಗಣೆ ಗುತ್ತಿಗೆದಾರನ ಕೊರಳಪಟ್ಟಿ ಹಿಡಿದವರುಂಟೇ? ಕಾಯ್ದೆಯ ಪ್ರಕಾರ ಚಾಲಕನಿಗೆ ವಿಶೇಷ ತರಬೇತಿ ಕೊಡಬೇಕು. ಹೊತ್ತಿರುವುದು ಏನು, ಸೋರಿದರೆ ಏನು ಮಾಡಬೇಕು ಎಂಬುದನ್ನು ಬರೆದು ಕೈಗೆ ಕೊಡಬೇಕು. ವಾಹನದ ಮೇಲೆ ಅಪಾಯದ ಫಲಕ ಇರಬೇಕು. ಫಲಕವೇನೋ ಇರುತ್ತದೆ. ಅದರ ಮೇಲೆ ನಾಲ್ಕು ಅಂಕಿ ಇರುತ್ತದೆ. 1075 ಎಂದಿದ್ದರೆ ಅಡುಗೆ ಅನಿಲ, 2055 ಎಂದಿದ್ದರೆ ಸ್ಟೈರೀನ್. ಹೆದ್ದಾರಿ ಬದಿಯ ಗೂಡಂಗಡಿಯವನಿಗೆ, ಶಾಲೆ ಮೇಷ್ಟ್ರಿಗೆ, ಬೀಟ್ ಪೊಲೀಸಿಗೆ ಈ ಅಂಕಿಗಳನ್ನು ಯಾವತ್ತಾದರೂ ಯಾರಾದರೂ ಹೇಳಿಕೊಟ್ಟಿದ್ದಾರೆಯೇ? ಟ್ಯಾಂಕರ್ ಮಗುಚಿದಾಗ ಮೊದಲು ಓಡಿ ಬರುವವರು ಇವರೇ. ಮೊದಲು ಸಾಯುವವರೂ ಇವರೇ.

ಕಲ್ಲುಕ್ವಾರಿಗಳ ಮಾತು ಎತ್ತಿದರೆ ಮುಗಿಯುವುದಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ ಲಾರಿ ಸಿಡಿಯಿತು. ಅಕ್ಕಪಕ್ಕದ ಜಿಲ್ಲೆಗಳಲ್ಲೂ ಜನ ಭೂಕಂಪ ಎಂದುಕೊಂಡು ಮನೆಯಿಂದ ಹೊರಗೋಡಿದರು. ಸಾಗಿಸಿದವರ ಹೆಣ ಚೂರುಚೂರಾಗಿತ್ತು. ಆಗ ವಿಧಾನಸೌಧದಲ್ಲಿ ಎಂಥಾ ಗುಡುಗು! ಒಬ್ಬರನ್ನೂ ಬಿಡುವುದಿಲ್ಲ ಎಂದರು. ತಿಂಗಳು ಕಳೆಯಿತಷ್ಟೇ. ಫೆಬ್ರವರಿ 23ರಂದು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿ ಸಿಡಿದು ಆರು ಮಂದಿ ಸತ್ತರು. ತಪಾಸಣೆಗೆ ಹೆದರಿ ಜಿಲೆಟಿನ್ ವಿಲೇವಾರಿ ಮಾಡಲು ಹೊರಟಿದ್ದವರು. ಮಾಲೀಕ ತನ್ನ ಕೈಯಿಂದ ಮುಟ್ಟುತ್ತಾನೆಯೇ? ಕೂಲಿಯವರ ಕೈಗೆ ಕೊಡುತ್ತಾನೆ.

ನೆಲದ ಕಥೆ ಹೀಗಾದರೆ ಕಡಲಿನದು ಇನ್ನೂ ನಾಚಿಕೆಗೇಡು. 2021ರ ಮೇ ತಿಂಗಳು. ಎಕ್ಸ್-ಪ್ರೆಸ್ ಪರ್ಲ್ ಎಂಬ ಹೊಚ್ಚಹೊಸ ಹಡಗು. ಅದರಲ್ಲಿ 25 ಟನ್ ನೈಟ್ರಿಕ್ ಆಮ್ಲ. ಒಂದು ಕಂಟೇನರ್ ಸೋರಲು ಶುರುವಾಯಿತು. ನಾವಿಕರಿಗೆ ಅದು ಗೊತ್ತಾಗಿತ್ತು. ಕತಾರಿನ ಹಮದ್ ಬಂದರಿನಲ್ಲಿ ಇಳಿಸಿಕೊಳ್ಳಿ ಎಂದರು, ಆಗಲ್ಲ ಅಂದರು. ಗುಜರಾತಿನ ಹಜೀರಾದಲ್ಲಿ ಕೇಳಿದರು. ನಮ್ಮವರೂ ಆಗಲ್ಲ ಅಂದರು. ಸೋರುವ ಡಬ್ಬಿ ಹೊತ್ತುಕೊಂಡೇ ಹಡಗು ಕೊಲಂಬೊಗೆ ಹೋಯಿತು. ಮೇ 20ಕ್ಕೆ ಬೆಂಕಿ. ಜೂನ್ 2ಕ್ಕೆ ಮುಳುಗಿತು. ದಡದ ತುಂಬ ಪ್ಲಾಸ್ಟಿಕ್ ಕಾಳು. ಸತ್ತ ಆಮೆಗಳು, ಡಾಲ್ಫಿನ್‌ಗಳು. ಶ್ರೀಲಂಕಾದ ಮೀನುಗಾರರು ಬಲೆ ಮಡಚಿ ಮನೆಯಲ್ಲಿ ಕೂತರು. ಅಲ್ಲಿನ ಸುಪ್ರೀಂ ಕೋರ್ಟ್ 100 ಕೋಟಿ ಡಾಲರ್ ಪರಿಹಾರ ಕೊಡಿ ಎಂದಿದ್ದು 2025ರಲ್ಲಿ. ಒಂದು ಸೋರುವ ಡಬ್ಬಿಯನ್ನು ಕ್ರೇನಿನಿಂದ ಇಳಿಸಿ, ಬೇಲಿ ಹಾಕಿ, ತಟಸ್ಥಗೊಳಿಸಲು ಎಷ್ಟು ಖರ್ಚಾಗುತ್ತಿತ್ತು? ಯಾರಾದರೂ ಲೆಕ್ಕ ಹಾಕಿ ಹೇಳಿ.

ಕೊಲಂಬೊ ದೂರ ಎನ್ನುತ್ತೀರಾ? 2025ರ ಮೇ 25ರಂದು ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿತು. 12 ಕಂಟೇನರಿನಲ್ಲಿ ಕ್ಯಾಲ್ಸಿಯಂ ಕಾರ್ಬೈಡ್, ನಮ್ಮ ವ್ಯಾಪಾರಿಗಳು ಮಾವಿನಕಾಯಿ ಮಾಗಿಸಲು ಕದ್ದು ಇಡುವ ಅದೇ ಕಾರ್ಬೈಡ್. ನೀರು ಮುಟ್ಟಿದರೆ ಅಸಿಟಿಲೀನ್ ಹುಟ್ಟುತ್ತದೆ, ವೆಲ್ಡಿಂಗ್ ಶಾಪಿನಲ್ಲಿ ಉರಿಯುವ ಅನಿಲ. ನೀರು ಮುಟ್ಟಬಾರದ ಸರಕು ಸಮುದ್ರದ ತಳ ಸೇರಿತು. ಹದಿನೈದು ದಿನ ತುಂಬಿತ್ತು, ವಾನ್ ಹೈ 503 ಎಂಬ ಇನ್ನೊಂದು ಹಡಗು ಕೇರಳದ ಕಡಲಲ್ಲಿ ಹೊತ್ತಿ ಉರಿಯಿತು. 22 ನಾವಿಕರಲ್ಲಿ 18 ಮಂದಿಯನ್ನು ನಮ್ಮ ಮಂಗಳೂರಿಗೇ ತಂದು ಇಳಿಸಿದರು. ನಾಲ್ವರು ಸಿಗಲಿಲ್ಲ. ಕಂಟೇನರಿನಲ್ಲಿ ಇರುವುದೊಂದು, ಕಾಗದದಲ್ಲಿ ಬರೆಯುವುದೊಂದು. ಅಪಾಯದ ಸರಕು ಎಂದು ಬರೆದರೆ ಬಾಡಿಗೆ ಜಾಸ್ತಿ, ತಪಾಸಣೆ ಜಾಸ್ತಿ. ಹಾಗಾಗಿ ಬರೆಯದೇ ಬಿಡುವ ಚಾಳಿ ಹಡಗು ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತು. ಉಳಿಸಿದ ಬಾಡಿಗೆಗೆ ನಾವಿಕನ ಜೀವ ಚಿಲ್ಲರೆ.

2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಗೋದಾಮು ಸಿಡಿದು 200ಕ್ಕೂ ಹೆಚ್ಚು ಮಂದಿ ಸತ್ತರು. 2,750 ಟನ್ ಅಮೋನಿಯಂ ನೈಟ್ರೇಟ್ ಅಲ್ಲಿ ಆರು ವರ್ಷದಿಂದ ಬಿದ್ದಿತ್ತು. ಆಗ ನಮ್ಮವರಿಗೆ ಥಟ್ಟನೆ ನೆನಪಾಯಿತು. ಚೆನ್ನೈನ ಮನಲಿಯಲ್ಲಿ 2015ರಲ್ಲಿ ಜಪ್ತಿ ಮಾಡಿದ ಸುಮಾರು 740 ಟನ್ ಅದೇ ವಸ್ತು ಕೂತಿದೆಯಲ್ಲ! ಐದು ವರ್ಷ ಯಾರ ನಿದ್ದೆಯನ್ನೂ ಕೆಡಿಸದ ಸರಕು ಕೆಲವೇ ದಿನಗಳಲ್ಲಿ ಹರಾಜಾಗಿ ಹೈದರಾಬಾದಿಗೆ ಹೊರಟಿತು. ನಮ್ಮ ಸುಂಕದ ಇಲಾಖೆಯನ್ನು ಎಬ್ಬಿಸಲು ಲೆಬನಾನಿನ ಜನ ಸಾಯಬೇಕಾಯಿತು.

ನಾವೇನು ಸಾಚಾಗಳೇ? ಟಿವಿ ಡಬ್ಬಿಯ ಥರ್ಮೋಕೋಲು ಬಿಚ್ಚಿ ಬಿಸಾಡುತ್ತೇವೆ. ಮದುವೆ ಮಂಟಪಕ್ಕೆ ಥರ್ಮೋಕೋಲಿನ ಕಂಬ ನಿಲ್ಲಿಸುತ್ತೇವೆ. ಅದು ಸ್ಟೈರೀನಿನ ಮಗು. ನಮಗೆ ಸರಕು ಬೇಕು, ಅಗ್ಗಕ್ಕೆ ಬೇಕು. ವೆಂಕಟಾಪುರಂನ ಸುದ್ದಿ ಒಂದು ವಾರ ನೋಡಿದೆವು, ಚಾನೆಲ್ ಬದಲಿಸಿದೆವು. ಪೀಣ್ಯದಲ್ಲೋ ಬೈಕಂಪಾಡಿಯಲ್ಲೋ ಬೀದರಿನ ಕೊಳಾರದಲ್ಲೋ ಯಾದಗಿರಿಯ ಕಡೇಚೂರಿನಲ್ಲೋ ಮೂಗಿಗೆ ಘಾಟು ಬಡಿದರೆ ಕಾರಿನ ಗಾಜು ಏರಿಸಿಕೊಂಡು ಹೋಗುತ್ತೇವೆ. ಅಲ್ಲೇ ಮನೆ ಮಾಡಿದವರಿಗೆ ಏರಿಸಲು ಯಾವ ಗಾಜಿದೆ?

ಕಾನೂನಿಲ್ಲವೇ ಎಂದು ಕೇಳಬೇಡಿ. ಕಾನೂನಿಗೇನು ಬರ! ಭೋಪಾಲಿನ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಒಳಗಿನ ಅಪಾಯವನ್ನು ಕಾರ್ಮಿಕರಿಗೂ ನೆರೆಹೊರೆಯವರಿಗೂ ಹೇಳಲೇಬೇಕು ಎಂದಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮ ಬಂತು. ಕಾಂಪೌಂಡಿನಾಚೆಯ ಊರಿಗೂ ತುರ್ತು ಯೋಜನೆ ಇರಬೇಕು, ವರ್ಷಕ್ಕೊಮ್ಮೆಯಾದರೂ ಅಣಕು ಕಾರ್ಯಾಚರಣೆ ನಡೆಯಬೇಕು ಎಂದಿತು. 1996ರಲ್ಲಿ ಇನ್ನೊಂದು ನಿಯಮ. ಅದರ ಪ್ರಕಾರ ಜಿಲ್ಲಾಧಿಕಾರಿಯ ಮುಂದಾಳತ್ವದಲ್ಲಿ ಒಂದು ಜಿಲ್ಲಾ ಗುಂಪು, ಕೆಳಗೆ ಸ್ಥಳೀಯ ಗುಂಪು. ಸ್ಥಳೀಯ ಗುಂಪಿನಲ್ಲಿ ಯಾರ್‍ಯಾರು ಇರಬೇಕು ಗೊತ್ತೇ? ಅಗ್ನಿಶಾಮಕದವರು, ಠಾಣೆಯವರು, ವೈದ್ಯರು, ಸ್ಥಳೀಯ ಪತ್ರಿಕೆಯ ಸಂಪಾದಕರು, ಊರಿನ ಮುಖಂಡರು. ಈ ಗುಂಪು ತಿಂಗಳಿಗೊಮ್ಮೆ ಸೇರಬೇಕು.

ನಿಮ್ಮೂರಿನ ಗುಂಪಿನಲ್ಲಿ ಯಾರಿದ್ದಾರೆ? ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಕೇಳಿ, ತಾವೇ ಆ ಪಟ್ಟಿಯಲ್ಲಿದ್ದೀರಾ ಎಂದು. ಪತ್ರಕರ್ತರೇ, ನೀವೂ ನೋಡಿಕೊಳ್ಳಿ, ನಿಮ್ಮ ಹೆಸರೂ ಇರಬಹುದು.

ಸುಮ್ಮನೆ ಕಾಯುತ್ತಾ ಕೂತರೆ ಇವರು ಎದ್ದು ಬರುವವರಲ್ಲ. ಹೆಣದ ವಾಸನೆಗೆ ಮಾತ್ರ ಎಚ್ಚರವಾಗುವ ಮೂಗು ಇವರದು. ಹಾಗಾಗಿ ನಾವೇ ಹೋಗಬೇಕು. ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ಕಾರ್ಖಾನೆಗಳ ಇಲಾಖೆಗೆ ಹೋಗಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು.

ಸಾಹೇಬರೇ, ನಮ್ಮೂರ ಪಕ್ಕದ ಗೋದಾಮಿನಲ್ಲಿ ಏನಿದೆ? ಎಷ್ಟು ಟನ್? ಅದು ಎಷ್ಟು ತಂಪು ಕೇಳುತ್ತದೆ? ರಾತ್ರಿ ಕರೆಂಟು ಹೋದರೆ ಆ ತಂಪನ್ನು ಕಾಯುವವನ ಹೆಸರೇನು? ಅದು ಸೋರಿದರೆ ನಾವು ಯಾವ ದಿಕ್ಕಿಗೆ ಓಡಬೇಕು? ನಮ್ಮ ಪಿಎಚ್‌ಸಿಯ ಡಾಕ್ಟರಿಗೆ ಆ ವಿಷದ ಹೆಸರು ಗೊತ್ತೇ? ಸ್ಥಳೀಯ ಗುಂಪಿನ ಹಿಂದಿನ ತಿಂಗಳ ಸಭೆಯ ನಡಾವಳಿ ಎಲ್ಲಿ? ಕೊನೆಯ ಅಣಕು ಕಾರ್ಯಾಚರಣೆ ಯಾವ ದಿನ ನಡೆಯಿತು, ಯಾವ ಓಣಿಯವರನ್ನು ಕರೆದಿರಿ? ಸೈರನ್ ಗುಂಡಿ ಎಷ್ಟಿವೆ, ಒತ್ತುವವರು ಯಾರು? ಒತ್ತದಿದ್ದರೆ ಜೈಲಿಗೆ ಹೋಗುವವರು ಯಾರು?

ನಾಳೆ ಬನ್ನಿ ಅನ್ನಬೇಡಿ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅನ್ನಿಸಬೇಡಿ. ಊಟದ ಬುತ್ತಿ ಕಟ್ಟಿಕೊಂಡೇ ಬಂದಿದ್ದೇವೆ. ಇಲ್ಲೇ ಬಾಗಿಲಲ್ಲಿ ಕೂತಿರುತ್ತೇವೆ.